ಹಳೆಯ ಕಾರಿನ ಜಾತಕ ಜಾಲಾಡುವುದು ಹೇಗೆ? ಭಾರತದಲ್ಲಿ ಮಾಲೀಕರಿಂದ ನೇರವಾಗಿ ಕೊಳ್ಳುವವರಿಗೊಂದು ಸಮಗ್ರ ಮಾರ್ಗದರ್ಶಿ

ಕೆಲವು ತಿಂಗಳ ಹಿಂದೆ ಗೆಳೆಯರೊಬ್ಬರಿಗಾಗಿ 2017ರ ಬಿಳಿ ಹ್ಯಾಚ್‌ಬ್ಯಾಕ್ ನೋಡಲು ಹೋಗಿದ್ದೆ. ಒಬ್ಬರೇ ಮಾಲೀಕರು, ಮೀಟರಿನಲ್ಲಿ 46,000 ಕಿಲೋಮೀಟರ್, "ಒಂದು ಗೀರೂ ಬಿದ್ದಿಲ್ಲ ಸರ್" ಎಂಬ ಭರವಸೆ ಬೇರೆ. ಕಾರು ಮಿಂದು ಪಾಲಿಶ್ ಹಚ್ಚಿಸಿಕೊಂಡು ಮದುಮಗನ ಹಾಗೆ ನಿಂತಿತ್ತು. ಬಾನೆಟ್ ಎತ್ತಿ ಟಾರ್ಚ್ ಬಿಟ್ಟಾಗ ಎಡ ಹೆಡ್‌ಲೈಟಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ 2021 ಎಂದಿತ್ತು, ಬಲಗಡೆಯದರಲ್ಲಿ 2017. ನಾನು ಏನೂ ಹೇಳದೆ ವಿಮೆಯ ಹಳೆಯ ಪಾಲಿಸಿಗಳನ್ನು ಕೇಳಿದೆ. 2021ರ ಪಾಲಿಸಿಯಲ್ಲಿ ನೋ ಕ್ಲೈಮ್ ಬೋನಸ್ (ವಿಮೆಯಿಂದ ಪರಿಹಾರ ಕೇಳದವರಿಗೆ ಸಿಗುವ ರಿಯಾಯಿತಿ) ಶೇ. 45, 2022ರದರಲ್ಲಿ ಸೊನ್ನೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ಮಾಲೀಕರು ತಲೆ ಕೆರೆದುಕೊಂಡು, "ಓ, ಅದೊಂದು ಸಣ್ಣದಾಗಿ ತಗುಲಿತ್ತು, ಮರೆತೇ ಹೋಗಿತ್ತು" ಎಂದರು.

ಗೆಳೆಯರು ಆ ಕಾರನ್ನೇ ಕೊಂಡರು, ಬೆಲೆ ಇಳಿಸಿ. ಏಟು ಬಿದ್ದ ಕಾರು ಕೆಟ್ಟದ್ದೇ ಆಗಬೇಕೆಂದಿಲ್ಲ. ಏನು ಕೊಳ್ಳುತ್ತಿದ್ದೇವೆ ಎಂಬುದು ಗೊತ್ತಿಲ್ಲದೆ ಕೊಳ್ಳುವುದೇ ಎಡವಟ್ಟು.

ಆ ಮಧ್ಯಾಹ್ನ ಕೆಲಸಕ್ಕೆ ಬಂದದ್ದು ತಾಳೆ ನೋಡುವ ಅಭ್ಯಾಸ. ಹೆಡ್‌ಲೈಟಿನ ಚೀಟಿ ಒಂದೇ ಇದ್ದಿದ್ದರೆ ಅದಕ್ಕೆ ನೂರು ಸಬೂಬು ಸಿಗುತ್ತಿತ್ತು. ಪಾಲಿಸಿ ಒಂದೇ ಇದ್ದಿದ್ದರೂ ಅಷ್ಟೇ. ಎರಡೂ ಸೇರಿ ಒಂದೇ ವರ್ಷದತ್ತ ಬೆರಳು ತೋರಿಸಿದಾಗ ಸಬೂಬಿಗೆ ಜಾಗ ಉಳಿಯಲಿಲ್ಲ. ಆದ್ದರಿಂದ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಗಡೆ ವರ್ಷಗಳನ್ನು ಮೇಲಿನಿಂದ ಕೆಳಕ್ಕೆ ಬರೆಯಿರಿ. ಕಾರು ತಯಾರಾದ ತಿಂಗಳು, ನೋಂದಣಿಯ ದಿನ, ಮಾಲೀಕರು ಬದಲಾದದ್ದು, ಪ್ರತಿ ವರ್ಷದ ವಿಮೆ, ಪ್ರತಿ ಸರ್ವಿಸ್ ಮತ್ತು ಅಂದಿನ ಕಿಲೋಮೀಟರ್, ಟೈರಿನ ವಾರ, ಗಾಜಿನ ವರ್ಷ, ದಂಡದ ದಿನಾಂಕ, ಎಲ್ಲವೂ ಈ ಹಾಳೆಗೇ ಬರಬೇಕು. ಮುಂದೆ ಹೇಳುವುದೆಲ್ಲ ಈ ಹಾಳೆ ತುಂಬುವ ಕೆಲಸವೇ.

ಹೆಜ್ಜೆ 1: ಹೋಗುವ ಮುನ್ನ ಫೋನಿನಲ್ಲಿ

ನೋಂದಣಿ ಸಂಖ್ಯೆ ಕೇಳಿ. ಕಾರು ಮಾರಲು ಹೊರಟವರು ಸಂಖ್ಯೆ ಕೊಡಲು ಹಿಂಜರಿದರೆ ಅಲ್ಲಿಗೇ ನಿಲ್ಲಿಸಿ. ಅದು ರಸ್ತೆಯಲ್ಲಿ ಊರೆಲ್ಲ ನೋಡುವ ಸಂಖ್ಯೆ. ಆಮೇಲೆ ಮೂರು ಪ್ರಶ್ನೆ: ಆರ್‌ಸಿ (ನೋಂದಣಿ ಪತ್ರ) ನಿಮ್ಮ ಹೆಸರಿನಲ್ಲೇ ಇದೆಯೇ? ಸಾಲ ಇದೆಯೇ ಅಥವಾ ಇತ್ತೇ? ಎಷ್ಟು ವರ್ಷದಿಂದ ನಿಮ್ಮ ಬಳಿ ಇದೆ?

"ಕಾರು ಭಾವನದು, ನಾನು ನೋಡಿಕೊಳ್ಳುತ್ತಿದ್ದೇನೆ ಅಷ್ಟೇ" ಎಂಬ ಉತ್ತರ ಬಂದರೆ ಆ ಭಾವನವರೊಡನೆ ಮಾತನಾಡದೆ ಮುಂದುವರಿಯಬೇಡಿ. ಮಾಲೀಕರ ವೇಷದಲ್ಲಿರುವ ವ್ಯಾಪಾರಿಗಳು ಬಳಸುವ ಮಾತು ಇದೇ. ಅವರು ಯಾರಿಂದಲೋ ಕಾರು ಕೊಂಡು, ಹೆಸರು ಬದಲಿಸದೆ, ಖಾಲಿ ಫಾರ್ಮ್‌ಗಳಿಗೆ ಹಳೆಯ ಮಾಲೀಕರ ಸಹಿ ಹಾಕಿಸಿ ಇಟ್ಟುಕೊಂಡಿರುತ್ತಾರೆ. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆದು, ತಮ್ಮ ವಶಕ್ಕೆ ಬಂದ ಕಾರಿನ ವಿಷಯವನ್ನು ಇಲಾಖೆಗೆ ತಿಳಿಸಬೇಕೆಂಬ ನಿಯಮ ಜಾರಿಯಲ್ಲಿದೆ. ವ್ಯಾಪಾರಿಯಿಂದ ಕೊಳ್ಳುವುದು ತಪ್ಪಲ್ಲ. ವ್ಯಾಪಾರಿ ತಾನು ವ್ಯಾಪಾರಿಯೇ ಅಲ್ಲ ಎಂದು ನಟಿಸಿದರೆ ಮಾತ್ರ ಮಿಕ್ಕ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ.

ಹೆಜ್ಜೆ 2: ಸರಕಾರಿ ದಾಖಲೆ

ಸಂಖ್ಯೆ ಸಿಕ್ಕಿತಲ್ಲ, ಈಗ ಪರಿವಾಹನ್ ಜಾಲತಾಣದ ವಾಹನ ವಿವರದ ಪುಟ ಅಥವಾ ಎಂಪರಿವಾಹನ್ ಆ್ಯಪ್ ತೆರೆಯಿರಿ. ನಿಮ್ಮ ಮೊಬೈಲ್ ಸಂಖ್ಯೆಯಿಂದ ಲಾಗಿನ್ ಆದರೆ ಸಾಕು. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಮುಚ್ಚಿರುತ್ತಾರೆ, ಆದರೂ ಆರ್‌ಸಿ ಕೈಗೆ ಬಂದಾಗ ಹೋಲಿಸಲು ಅಷ್ಟೇ ಸಾಕಾಗುತ್ತದೆ. ನೋಡಬೇಕಾದವು ಇವು: ನೋಂದಣಿಯ ದಿನಾಂಕ, ಇಂಧನ, ವಾಹನದ ವರ್ಗ, ಎಷ್ಟನೆಯ ಮಾಲೀಕರು, ವಿಮೆ ಮತ್ತು ಹೊಗೆ ತಪಾಸಣೆಯ ಅವಧಿ, ಸಾಲ ಕೊಟ್ಟ ಸಂಸ್ಥೆ, ನೋಂದಣಿ ಎಲ್ಲಿಯವರೆಗೆ, ಮತ್ತು ಆರ್‌ಸಿಯ ಸ್ಥಿತಿ.

ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹದಿನಾಲ್ಕು ವರ್ಷದ ಕಾರು "ಅಗ್ಗಕ್ಕೆ" ಸಿಗುವಾಗ ಈ ಲೆಕ್ಕ ಮರೆಯಬೇಡಿ.

ಆರ್‌ಸಿಯ ಸ್ಥಿತಿ ಸಕ್ರಿಯ ಎಂದಿರದೆ ಬೇರೇನಾದರೂ ಇದ್ದರೆ, ಅಥವಾ ಕಪ್ಪುಪಟ್ಟಿಯ ನಮೂದಿದ್ದರೆ, ಕಾರಣ ತಿಳಿಯದೆ ಮುಂಗಡ ಕೊಡಬೇಡಿ. ಕಳವಾದ ವಾಹನಗಳಿಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 'ವಾಹನ್ ಸಮನ್ವಯ್' ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ (ಕಾರಿನ ಮೈಯಲ್ಲೇ ಕೊರೆದ ಗುರುತು) ಮತ್ತು ಇಂಜಿನ್ ಸಂಖ್ಯೆ ಕೊಟ್ಟರೆ ಪೊಲೀಸ್ ದಾಖಲೆಯಲ್ಲಿ ಆ ಕಾರಿದೆಯೇ ಎಂಬ ಉತ್ತರ ಸಿಗುತ್ತದೆ. ಐದು ನಿಮಿಷದ ಕೆಲಸ, ಬಹುತೇಕರು ಮಾಡುವುದಿಲ್ಲ.

ಇ-ಚಲನ್ ಪುಟವನ್ನೂ ನೋಡಿ. ಎಷ್ಟು ದಂಡ ಬಾಕಿ ಎಂದಷ್ಟೇ ನೋಡಿ ಎಲ್ಲರೂ ಪುಟ ಮುಚ್ಚುತ್ತಾರೆ. ನನಗೆ ಅದಕ್ಕಿಂತ ರುಚಿಸುವುದು ದಂಡ ಬಿದ್ದ ಜಾಗ ಮತ್ತು ಹೊತ್ತು. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಮಾತ್ರ ತೆಗೆಯುತ್ತಿದ್ದ ಕಾರು ಎಂದು ಹೇಳಿದ ಮೇಲೆ, ಬೆಳಗಿನ ಜಾವ ಮೂರು ಗಂಟೆಗೆ ಬೇರೆ ಬೇರೆ ಜಿಲ್ಲೆಗಳ ಹೆದ್ದಾರಿಯಲ್ಲಿ ಅತಿವೇಗಕ್ಕೆ ಸಾಲುಸಾಲಾಗಿ ದಂಡ ಬಿದ್ದಿದ್ದರೆ ಆ ಕಾರು ಬಾಡಿಗೆಗೆ ಓಡಿದೆಯೇ ಎಂದು ಕೇಳಲೇಬೇಕು.

ಹೆಜ್ಜೆ 3: ಸಾಲದ ಎಳೆ

ಸಾಲದ ಮೇಲೆ ಕೊಂಡ ಕಾರಿನ ಆರ್‌ಸಿಯಲ್ಲಿ ಹೈಪೋಥಿಕೇಶನ್, ಅಂದರೆ ಕಾರು ಸಾಲಕ್ಕೆ ಒತ್ತೆಯಾಗಿದೆ ಎಂಬ ನಮೂದಿರುತ್ತದೆ. ಸಾಲ ತೀರಿದರೂ ಅದು ತಾನಾಗಿ ಅಳಿಸಿಹೋಗುತ್ತದೆ ಎಂದುಕೊಳ್ಳಬೇಡಿ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರ್ಮ್ 35 ಸೇರಿಸಿ ಆರ್‌ಟಿಒಗೆ ಅರ್ಜಿ ಹಾಕಬೇಕು. ಕಂತು ಮುಗಿದು ನಾಲ್ಕು ವರ್ಷವಾದರೂ ಈ ಕೆಲಸ ಮಾಡಿಸದವರು ಎಷ್ಟೋ ಮಂದಿ. ಅದು ಮೋಸವಲ್ಲ, ಸೋಮಾರಿತನ. ಆದರೂ ಅದನ್ನು ಅವರ ಖರ್ಚಿನಲ್ಲಿ ಅವರೇ ಮೊದಲು ಮಾಡಿಸಲಿ. ಬ್ಯಾಂಕಿನ ಪತ್ರಕ್ಕೆ ಸಾಮಾನ್ಯವಾಗಿ ಅವಧಿಯ ಮಿತಿ ಇರುವುದರಿಂದ ಹಳೆಯ ಪತ್ರವಾಗಿದ್ದರೆ ಹೊಸದನ್ನು ತರಿಸಬೇಕಾಗುತ್ತದೆ.

ಸಾಲ ಇನ್ನೂ ನಡೆಯುತ್ತಿದ್ದರೆ? "ನೀವು ದುಡ್ಡು ಕೊಡಿ, ನಾನು ಹೋಗಿ ಕಟ್ಟಿಬಿಡುತ್ತೇನೆ" ಎಂಬ ಮಾತಿಗೆ ಒಪ್ಪಬೇಡಿ. ಬ್ಯಾಂಕಿನಿಂದ ಸಾಲ ಮುಕ್ತಾಯದ ಮೊತ್ತವನ್ನು ಬರಹದಲ್ಲಿ ಪಡೆದು, ಆ ಮೊತ್ತವನ್ನು ನೀವೇ ನೇರವಾಗಿ ಸಾಲದ ಖಾತೆಗೆ ಕಟ್ಟಿ, ರಸೀತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಉಳಿದದ್ದನ್ನು ಮಾಲೀಕರಿಗೆ ಕೊಡುವುದು ಬ್ಯಾಂಕಿನ ಪತ್ರ ಬಂದ ಮೇಲೆ.

ಹೆಜ್ಜೆ 4: ವಿಮೆಯ ಪಾಲಿಸಿಗಳು ಹೇಳುವ ಕತೆ

ನನ್ನ ಮಟ್ಟಿಗೆ ಕಾರಿನ ಅತ್ಯಂತ ಪ್ರಾಮಾಣಿಕ ಕಾಗದ ಇದೇ. ಈ ವರ್ಷದ ಪಾಲಿಸಿಯೊಂದನ್ನೇ ನೋಡಬೇಡಿ, ಸಿಕ್ಕಷ್ಟು ಹಳೆಯವನ್ನೂ ಕೇಳಿ. ಈಗೆಲ್ಲ ಅವು ಇಮೇಲಿನಲ್ಲೇ ಇರುವುದರಿಂದ "ಕಳೆದುಹೋಗಿದೆ" ಎಂಬ ಮಾತಿಗೆ ಹೆಚ್ಚು ಬೆಲೆ ಇಲ್ಲ.

ಸ್ವಂತ ಹಾನಿಯ ಕ್ಲೈಮ್ ಮಾಡದೆ ಒಂದು ವರ್ಷ ಕಳೆದರೆ ನವೀಕರಣದಲ್ಲಿ ಶೇ. 20 ರಿಯಾಯಿತಿ, ಇದೇ ನೋ ಕ್ಲೈಮ್ ಬೋನಸ್. ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ನಡುವೆ ಒಂದು ಕ್ಲೈಮ್ ಆದರೆ ಮುಂದಿನ ವರ್ಷ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ ಈ ಅಂಕಿಗಳನ್ನು ಹಾಳೆಯ ಮೇಲೆ ಸಾಲಾಗಿ ಬರೆದರೆ ಮೆಟ್ಟಿಲು ಎಲ್ಲಿ ಕುಸಿದಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಆರು ವರ್ಷ ಒಬ್ಬರ ಕೈಯಲ್ಲೇ ಇದ್ದ ಕಾರಿಗೆ ಈಗ ಶೇ. 20 ಇದೆ ಎಂದರೆ, ಹೋದದ್ದರ ಹಿಂದಿನ ವರ್ಷ ಏನೋ ನಡೆದಿದೆ.

ಆದರೆ ಆತುರದ ತೀರ್ಪು ಬೇಡ. ಈ ರಿಯಾಯಿತಿ ಸೇರುವುದು ವ್ಯಕ್ತಿಗೆ, ಕಾರಿಗಲ್ಲ. ಮಾಲೀಕರು ಬದಲಾದಾಗ ಅದು ಹೊಸಬರಿಗೆ ಬರುವುದಿಲ್ಲ. ಪಾಲಿಸಿ ಮುಗಿದು 90 ದಿನ ದಾಟಿದರೂ ಅದು ಕೈತಪ್ಪುತ್ತದೆ. ಬೋನಸ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಕೊಂಡವರಿಗೆ ಕ್ಲೈಮ್ ಆದರೂ ಅದು ಉಳಿದಿರಬಹುದು. ಅಂದರೆ ಸೊನ್ನೆ ಕಂಡಲ್ಲೆಲ್ಲ ಅಪಘಾತವಾಗಿದೆ ಎನ್ನಲು ಬರುವುದಿಲ್ಲ, ಏರಿಕೆ ಕಂಡಲ್ಲೆಲ್ಲ ಆಗಿಲ್ಲ ಎನ್ನಲೂ ಬರುವುದಿಲ್ಲ. ಕುಸಿತ ಕಂಡ ವರ್ಷದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ, ಉತ್ತರ ಕಾರಿನ ಮೈಯಲ್ಲಿ ಸಿಗುತ್ತದೆ. ವಿಮಾ ಕಂಪನಿಗೆ ಪಾಲಿಸಿ ಸಂಖ್ಯೆ ಕೊಟ್ಟು ಕ್ಲೈಮ್ ವಿವರ ಕೇಳುವ ಹಕ್ಕು ಮಾಲೀಕರಿಗಿದೆ. ನಿಮ್ಮೆದುರೇ ಸ್ಪೀಕರ್ ಹಾಕಿ ಕರೆ ಮಾಡಲು ಹೇಳಿ. ಮುಚ್ಚಿಡಲು ಏನೂ ಇಲ್ಲದವರು ಒಪ್ಪುತ್ತಾರೆ.

ಇನ್ನೊಂದು ಸೂಕ್ಷ್ಮ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆ) ಕಡ್ಡಾಯವಾಗಿದೆ. ಆದ್ದರಿಂದ ಆ್ಯಪ್‌ನಲ್ಲಿ ವಿಮೆ ಚಾಲ್ತಿಯಲ್ಲಿದೆ ಎಂದು ಕಂಡರೂ ಕಾರಿನ ಸ್ವಂತ ಹಾನಿಯ ವಿಮೆ ಯಾವಾಗಲೋ ಮುಗಿದಿರಬಹುದು. ಮುಗಿದಿದ್ದರೆ ಆ ಅವಧಿಯ ಏಟುಗಳಿಗೆ ವಿಮೆಯಲ್ಲಿ ದಾಖಲೆಯೇ ಇರುವುದಿಲ್ಲ.

ಹೆಜ್ಜೆ 5: ಮೀಟರ್ ನಿಜ ಹೇಳುತ್ತಿದೆಯೇ?

ಡಿಜಿಟಲ್ ಮೀಟರ್ ಬಂದ ಮೇಲೆ ಕಿಲೋಮೀಟರ್ ಹಿಂದಕ್ಕೆ ತಿರುಗಿಸುವುದು ಕಷ್ಟವಾಗಿದೆ ಎಂದು ನಂಬಿದವರಿದ್ದಾರೆ. ವಾಸ್ತವದಲ್ಲಿ ಸ್ಕ್ರೂಡ್ರೈವರಿನ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ, ಅಷ್ಟೇ ವ್ಯತ್ಯಾಸ.

ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಗಳು ಪ್ರತಿ ಭೇಟಿಯ ದಿನಾಂಕ ಮತ್ತು ಕಿಲೋಮೀಟರನ್ನು ಚಾಸಿ ಸಂಖ್ಯೆಯ ಹೆಸರಿನಲ್ಲಿ ಕಂಪ್ಯೂಟರಿಗೆ ಸೇರಿಸುತ್ತವೆ. ಮಾಲೀಕರು ಕಂಪನಿಯ ಆ್ಯಪ್‌ನಲ್ಲಿ ಅದನ್ನು ತೆರೆದು ತೋರಿಸಲಿ, ಅಥವಾ ಇಬ್ಬರೂ ಒಟ್ಟಿಗೆ ಸರ್ವಿಸ್ ಕೇಂದ್ರಕ್ಕೇ ಹೋಗಿ ಕೇಳಿ. ಮಾಲೀಕರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್ ಅನ್ನು ನಾನು ನಂಬುವುದಿಲ್ಲ, ಅದನ್ನು ತಿದ್ದಲು ಹತ್ತು ನಿಮಿಷ ಸಾಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 2018ರ ನವೆಂಬರಿನಲ್ಲಿ 9,800. 2019ರ ಡಿಸೆಂಬರಿನಲ್ಲಿ 22,300. 2021ರ ಜನವರಿಯಲ್ಲಿ 29,900. 2022ರ ಫೆಬ್ರುವರಿಯಲ್ಲಿ 43,700. ಅಲ್ಲಿಂದಾಚೆಗೆ ಅಧಿಕೃತ ದಾಖಲೆ ಇಲ್ಲ, 2025ರ ಜೂನಿನಲ್ಲಿ ಮೀಟರ್ ತೋರಿಸುವುದು 51,000. ವರ್ಷಕ್ಕೆ ಹನ್ನೆರಡು ಹದಿಮೂರು ಸಾವಿರ ಓಡುತ್ತಿದ್ದ ಕಾರು ಮೂರು ವರ್ಷ ದಾಟಿದರೂ ಬರೀ ಏಳು ಸಾವಿರದ ಮುನ್ನೂರು ಓಡಿದೆ. 2020ರಲ್ಲಿ ಇಳಿದದ್ದಕ್ಕೆ ಲಾಕ್‌ಡೌನ್ ಕಾರಣ ಇದೆ. 2022ರ ನಂತರ? ಕೆಲಸ ಮನೆಯಿಂದಲೇ ಆಗಿರಬಹುದು, ಎರಡನೆಯ ಕಾರು ಬಂದಿರಬಹುದು. ನಿಜವೂ ಇರಬಹುದು. ಹಾಗಿದ್ದರೆ ಆ ಮಾತಿಗೆ ಕಾರೂ ತಲೆಯಾಡಿಸಬೇಕು.

ಟೈರಿನ ಪಕ್ಕೆಯ ಮೇಲಿನ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೆಯ ವಾರ. ಕಾರಿನ ಜೊತೆಯೇ ಬಂದ ಟೈರಾದರೆ ಅದರ ದಿನಾಂಕ ಕಾರು ತಯಾರಾದದ್ದಕ್ಕಿಂತ ತುಸು ಹಿಂದಿನದಿರುತ್ತದೆ. ಮೇಲಿನ ಉದಾಹರಣೆಯ ಕಾರಿನಲ್ಲಿ ನಾಲ್ಕೂ ಟೈರು 2024ರವು, ಅದೂ ಅರ್ಧ ಸವೆದಿದ್ದರೆ, ಏಳು ಸಾವಿರದ ಲೆಕ್ಕ ಬಿದ್ದುಹೋಗುತ್ತದೆ. ಸ್ಟೆಪ್ನಿಯನ್ನೂ ನೋಡಲು ಮರೆಯಬೇಡಿ, ಕಾರಿನ ಹುಟ್ಟಿದ ವರ್ಷ ಅಲ್ಲಿ ಹಾಗೇ ಉಳಿದಿರುತ್ತದೆ. ಫಾಸ್ಟ್ಯಾಗ್ ಖಾತೆಯ ವಿವರ ಕೇಳಿ. ಯಾವ ಟೋಲ್ ದಾಟಿದೆ, ತಿಂಗಳಿಗೆ ಎಷ್ಟು ಸಲ ಎಂಬುದು ಅದರಲ್ಲಿದೆ. ಕೊನೆಗೆ ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರ್, ಸ್ಟೇರಿಂಗಿನ ಮೇಲ್ಭಾಗ, ಚಾಲಕರ ಸೀಟಿನ ಹೊರ ಅಂಚು. ಐವತ್ತು ಸಾವಿರ ಓಡಿದ ಕಾರಿನಲ್ಲಿ ಪೆಡಲಿನ ಗೆರೆಗಳು ನುಣುಪಾಗಿ ಅಳಿಸಿಹೋಗಿರುವುದಿಲ್ಲ. ಉಳಿದೆಲ್ಲ ಹಳತಾಗಿದ್ದು ಪೆಡಲ್ ರಬ್ಬರ್ ಮಾತ್ರ ಹೊಚ್ಚಹೊಸದಾಗಿದ್ದರೆ ನಾನು ಇನ್ನೂ ಹೆಚ್ಚು ಅನುಮಾನಪಡುತ್ತೇನೆ.

ಹೆಜ್ಜೆ 6: ಚಾಸಿ ಸಂಖ್ಯೆಯ ಮುಂದೆ ಕೂತು

ಇಲ್ಲಿ ನಿಧಾನ ಮಾಡಿ. ಮಿಕ್ಕದ್ದರಲ್ಲಿ ತಪ್ಪಿದರೆ ಹಣ ಹೋಗುತ್ತದೆ, ಇದರಲ್ಲಿ ತಪ್ಪಿದರೆ ಕಾರೂ ಹೋಗಿ ಠಾಣೆಗೂ ಅಲೆಯಬೇಕಾಗುತ್ತದೆ.

ನಡೆಯುವ ಆಟ ಹೀಗೆ. ದುರಸ್ತಿಯ ಖರ್ಚು ವಿಮೆ ಮಾಡಿದ ಮೌಲ್ಯದ ಶೇ. 75 ದಾಟಿದರೆ ವಿಮಾ ಕಂಪನಿ ಆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತದೆ. ನುಜ್ಜುಗುಜ್ಜಾದ ಕಾರು ಹರಾಜಿನಲ್ಲಿ ಮಾರಾಟವಾಗುತ್ತದೆ. ಕಾನೂನಿನ ಪ್ರಕಾರ, ಮತ್ತೆ ಬಳಸಲು ಬಾರದಂತೆ ನಾಶವಾದ ವಾಹನದ ವಿಷಯವನ್ನು ಮಾಲೀಕರು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಮಾಡಿಸದೆ ಬಿಟ್ಟರೆ ಕಾರು ಸತ್ತರೂ ಅದರ ಆರ್‌ಸಿ ಬದುಕಿರುತ್ತದೆ. ಅದೇ ಮಾದರಿಯ, ಅದೇ ಬಣ್ಣದ ಕಾರೊಂದನ್ನು ಕದ್ದು, ಸತ್ತ ಕಾರಿನ ಸಂಖ್ಯೆಯನ್ನು ಇದಕ್ಕೆ ಕೊರೆದರೆ ಕಾಗದವೆಲ್ಲ ಅಸಲಿ, ಕಾರು ಮಾತ್ರ ಕಳವಿನ ಮಾಲು.

ಚಾಸಿ ಸಂಖ್ಯೆ 17 ಅಕ್ಷರ ಮತ್ತು ಅಂಕಿಗಳದು. ಸೊನ್ನೆ, ಒಂದರ ಜೊತೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಮೊದಲ ಮೂರು ತಯಾರಕರ ಗುರುತು: ಸಾಮಾನ್ಯವಾಗಿ ಟಾಟಾ ಕಾರಿಗೆ ಎಂಎಟಿ, ಹ್ಯುಂಡೈಗೆ ಎಂಎಎಲ್, ಮಾರುತಿಗೆ ಎಂಎ3, ಮಹೀಂದ್ರಾಗೆ ಎಂಎ1. ಹತ್ತನೆಯ ಸ್ಥಾನದಲ್ಲಿ ಹಲವು ತಯಾರಕರು ವರ್ಷದ ಸಂಕೇತ ಹಾಕುತ್ತಾರೆ: ಜೆ ಎಂದರೆ 2018, ಕೆ 2019, ಎಲ್ 2020, ಎಂ 2021, ಎನ್ 2022, ಪಿ 2023. ಎಲ್ಲರೂ ಈ ಪದ್ಧತಿ ಪಾಲಿಸುವುದಿಲ್ಲವಾದ್ದರಿಂದ ಆರ್‌ಸಿಯಲ್ಲಿ ಮುದ್ರಿಸಿರುವ ತಯಾರಿಕೆಯ ತಿಂಗಳು ವರ್ಷವೇ ಆಧಾರ.

ಸಂಖ್ಯೆ ಕೊರೆದ ಜಾಗ ಮಾದರಿಯಿಂದ ಮಾದರಿಗೆ ಬೇರೆ: ಇಂಜಿನ್ ಕೋಣೆಯ ಹಿಂಗೋಡೆ, ಮುಂದಿನ ಸೀಟಿನ ಕೆಳಗಿನ ನೆಲ, ಹೀಗೆ. ಮೊದಲು ಬಟ್ಟೆಯಿಂದ ಒರೆಸಿ. ಮೇಣದ ಮಣ್ಣು ಮೆತ್ತಿದ್ದರೆ ಉಗುರಿನಿಂದ ಬಿಡಿಸಿ. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ, ಆಗ ಪ್ರತಿ ಅಕ್ಷರದ ಆಳ ನೆರಳಾಗಿ ಮೂಡುತ್ತದೆ. ಆಳ ಒಂದೇ ಸಮ ಇದೆಯೇ, ಸಾಲು ನೆಟ್ಟಗಿದೆಯೇ, 3 ಮತ್ತು 8 ಪಕ್ಕದವುಗಳಿಗಿಂತ ದಪ್ಪವಾಗಿವೆಯೇ? ಈಗ ಬೆರಳಾಡಿಸಿ. ಸಂಖ್ಯೆಯ ಸುತ್ತ ತಗಡು ತಗ್ಗಾಗಿದ್ದರೆ ಉಜ್ಜಿದ್ದಾರೆ, ಉಬ್ಬಿದ್ದರೆ ತುಂಡು ಬೆಸೆದಿದ್ದಾರೆ. ಸುತ್ತಲಿನ ಬಣ್ಣಕ್ಕಿಂತ ಅಲ್ಲಿನದು ಹೊಳೆಯುತ್ತಿದ್ದರೆ ಎದ್ದು ಮನೆಗೆ ಹೋಗಿ.

ಆಮೇಲೆ ಹೋಲಿಕೆ: ಆರ್‌ಸಿ, ಪಾಲಿಸಿ, ತಯಾರಕರು ಅಂಟಿಸಿದ ಪಟ್ಟಿ, ಸರ್ವಿಸ್ ಕೇಂದ್ರದ ಕಂಪ್ಯೂಟರ್. ಎಲ್ಲದರಲ್ಲೂ ಒಂದೇ ಚಾಸಿ, ಒಂದೇ ಇಂಜಿನ್ ಸಂಖ್ಯೆ ಇರಬೇಕು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷತೆಯ ನಂಬರ್ ಪ್ಲೇಟ್ ಕಡ್ಡಾಯ. ಜೊತೆಗೆ ಮುಂದಿನ ಗಾಜಿನ ಒಳಬದಿಗೆ ಒಂದು ಸ್ಟಿಕ್ಕರ್: ಪೆಟ್ರೋಲ್ ಮತ್ತು ಸಿಎನ್‌ಜಿಗೆ ನೀಲಿ, ಡೀಸೆಲಿಗೆ ಕಿತ್ತಳೆ. ಪ್ಲೇಟಿನಲ್ಲಿ ಲೇಸರಿನಿಂದ ಕೊರೆದ ಸಂಖ್ಯೆ, ಇಂಜಿನ್ ಮತ್ತು ಚಾಸಿ ಸಂಖ್ಯೆ, ನೋಂದಣಿಯ ದಿನ, ಎಲ್ಲ ಆ ಸ್ಟಿಕ್ಕರಿನಲ್ಲಿವೆ. ಅದನ್ನು ಓದುವವರೇ ಇಲ್ಲ! ಸರ್ವಿಸ್ ಕೇಂದ್ರದಲ್ಲಿ ಕಾರಿನ ಬಣ್ಣ ಮತ್ತು ಆವೃತ್ತಿಯನ್ನೂ ಕೇಳಿ. ಸಂಖ್ಯೆ ಕದ್ದವರು ಏರ್‌ಬ್ಯಾಗ್ ಎಷ್ಟಿವೆ, ಸನ್‌ರೂಫ್ ಇದೆಯೋ ಇಲ್ಲವೋ ಎಂಬಂಥ ಸಣ್ಣ ವಿವರದಲ್ಲಿ ಸಿಕ್ಕಿಬೀಳುತ್ತಾರೆ.

ಹೆಜ್ಜೆ 7: ಕಾರಿನ ಮೈ

ಹಗಲಲ್ಲಿ, ಒಣಗಿದ ಕಾರನ್ನು ನೋಡಿ. ಒದ್ದೆ ಮೈ ಎಲ್ಲ ಕಲೆಗಳನ್ನೂ ಮುಚ್ಚುತ್ತದೆ. "ನಾನು ಬರುವ ಮುನ್ನ ಸ್ಟಾರ್ಟ್ ಮಾಡಬೇಡಿ, ತಣ್ಣಗಿರಲಿ" ಎಂದು ಮೊದಲೇ ಹೇಳಿ. ತಲುಪಿದಾಗ ಇಂಜಿನ್ ಬಿಸಿಯಾಗಿದ್ದರೆ ಚಳಿಯಲ್ಲಿ ಸ್ಟಾರ್ಟ್ ಆಗದ ತೊಂದರೆ ಇರಬಹುದು.

ಗಾಜುಗಳ ಮೂಲೆಯಲ್ಲಿ ಕಂಪನಿಯ ಮುದ್ರೆ ಮತ್ತು ತಯಾರಿಕೆಯ ಸಂಕೇತ ಇರುತ್ತವೆ. ಅದನ್ನು ಬಿಡಿಸಿ ಓದಲು ಬಾರದಿದ್ದರೂ ಚಿಂತೆಯಿಲ್ಲ, ಎಲ್ಲ ಗಾಜಿನಲ್ಲೂ ಒಂದೇ ತರಹ ಇದೆಯೇ ನೋಡಿದರೆ ಸಾಕು. ಮುಂದಿನ ಗಾಜು ಕಲ್ಲು ಬಿದ್ದು ಒಡೆಯುವುದು ಸಾಮಾನ್ಯ, ಅದು ಬೇರೆಯಾಗಿದ್ದರೆ ಬಿಡಿ. ಬಾಗಿಲಿನ ಗಾಜು ಬೇರೆ, ಆ ಬಾಗಿಲಿನ ಬಣ್ಣವೂ ತುಸು ಬೇರೆ ಎಂದಾದರೆ ಆ ಪಕ್ಕಕ್ಕೆ ಗುದ್ದು ಬಿದ್ದಿದೆ.

ಬಾನೆಟ್, ಬಾಗಿಲು, ಮಡ್‌ಗಾರ್ಡಿನ ಬೋಲ್ಟ್‌ಗಳ ಮೂಲೆಯಲ್ಲಿ ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಬಾಗಿಲಿನ ರಬ್ಬರನ್ನು ಮೆಲ್ಲಗೆ ಎಳೆದು ಕಂಬದ ಅಂಚು ನೋಡಿ: ಕಾರ್ಖಾನೆಯ ವೆಲ್ಡಿಂಗ್ ದುಂಡನೆಯ ಚುಕ್ಕಿಗಳಾಗಿ ಸಮ ಅಂತರದಲ್ಲಿರುತ್ತದೆ, ಗ್ಯಾರೇಜಿನದು ಗೆರೆಗೆರೆಯಾಗಿ ಒರಟಾಗಿರುತ್ತದೆ. ಬಾಗಿಲು, ಬಂಪರ್ ಬದಲಿಸಿದ್ದು ನನಗೆ ದೊಡ್ಡ ವಿಷಯವಲ್ಲ. ಕಂಬ, ರೇಡಿಯೇಟರಿನ ಚೌಕಟ್ಟು, ಡಿಕ್ಕಿಯ ನೆಲ ಇವುಗಳಲ್ಲಿ ಬೆಸುಗೆ ಕಂಡರೆ ಎಷ್ಟೇ ಅಗ್ಗವಾದರೂ ನಾನು ಕೈ ಮುಗಿಯುತ್ತೇನೆ.

ಬಣ್ಣದ ದಪ್ಪ ಅಳೆಯುವ ಪುಟ್ಟ ಮಾಪಕ ಈಗ ಆನ್‌ಲೈನಿನಲ್ಲಿ ಸಿಗುತ್ತದೆ, ಮೆಕ್ಯಾನಿಕ್ ಬಳಿಯೂ ಇರಬಹುದು. ಕಾರ್ಖಾನೆಯ ಬಣ್ಣ ಸುಮಾರು 80ರಿಂದ 150 ಮೈಕ್ರಾನ್. ಎಲ್ಲೆಡೆ 110 ಇದ್ದು ಒಂದು ಬಾಗಿಲಲ್ಲಿ 250 ಬಂದರೆ ಮತ್ತೆ ಬಣ್ಣ ಹೊಡೆದಿದ್ದಾರೆ. ಅಂಕಿ ಇನ್ನೂ ಏರಿ 500, 600 ದಾಟಿದರೆ ಒಳಗಿನ ತಗ್ಗಿಗೆ ಲೇಪ (ಪುಟ್ಟಿ) ತುಂಬಿದ್ದಾರೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಧಾರಣ ಮಾಪಕ ನಡೆಯದು.

ಕೀಲಿ ತಿರುಗಿಸಿ, ಇಂಜಿನ್ ಹಚ್ಚಬೇಡಿ. ಏರ್‌ಬ್ಯಾಗಿನ ದೀಪ ಹೊತ್ತಿಕೊಂಡು ಕೆಲವು ಸೆಕೆಂಡಿಗೆ ಆರಬೇಕು. ಆರದಿದ್ದರೆ ದೋಷ ಇದೆ. ಹೊತ್ತಿಕೊಳ್ಳಲೇ ಇಲ್ಲವಾದರೆ ದೋಷವನ್ನು ಮುಚ್ಚಲು ದೀಪವನ್ನೇ ತೆಗೆದಿದ್ದಾರೆ, ಪ್ರಾಯಶಃ ಏರ್‌ಬ್ಯಾಗ್ ಒಮ್ಮೆ ಸಿಡಿದಿದೆ. ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಇದ್ದವರು ದೋಷಸಂಕೇತಗಳ ಜೊತೆಗೆ "ಸಂಕೇತ ಅಳಿಸಿದ ಮೇಲೆ ಓಡಿದ ದೂರ" ಎಂಬುದನ್ನೂ ಓದಲಿ. ಅಲ್ಲಿ 12 ಕಿಲೋಮೀಟರ್ ಎಂದಿದ್ದರೆ ನೀವು ಬರುವಿರೆಂದು ಇವತ್ತು ಬೆಳಿಗ್ಗೆಯೇ ಅಳಿಸಿದ್ದಾರೆ.

ನೀರು ಕುಡಿದ ಕಾರುಗಳು ಬೇರೆಯೇ ಪಂಗಡ. 2015ರ ಡಿಸೆಂಬರಿನ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿದ್ದು, ಇಂಥ ಪ್ರತಿ ಮಳೆಯ ನಂತರ ಕಾರುಗಳು ಊರು ಬದಲಿಸುತ್ತವೆ. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ, ಯಾರೂ ಎಳೆಯದ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಅಲ್ಲೇ ಬೆಲ್ಟಿನ ತಯಾರಿಕೆಯ ವರ್ಷದ ಚೀಟಿಯೂ ಸಿಗಬಹುದು. ಸೀಟಿನ ಹಳಿಗಳ ತುಕ್ಕು, ಸ್ಟೆಪ್ನಿಯ ಗುಂಡಿಯಲ್ಲಿ ನಯವಾದ ಮಣ್ಣು, ಫ್ಯೂಸ್ ಪೆಟ್ಟಿಗೆಯ ಮೂಲೆಯ ಹಸಿರು ಕಿಲುಬು ನೋಡಿ. ಒಳಗೆ ಸುಗಂಧ ವಿಪರೀತವಾಗಿದ್ದರೆ ಎಸಿಯನ್ನು ಐದು ನಿಮಿಷ ಬಿಟ್ಟು ಮೂಸಿ, ಮುಗ್ಗಲು ವಾಸನೆ ಹೊರಬೀಳುತ್ತದೆ.

ಇಷ್ಟಾದ ಮೇಲೂ ಕಾರು ಇಷ್ಟವಾದರೆ, ಮಾಲೀಕರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಒಬ್ಬರ ಬಳಿ ಎತ್ತಿಸಿ ತಳ ನೋಡಿಸಿ.

ಹೆಜ್ಜೆ 8: ಹೊರರಾಜ್ಯದ, ಬಾಡಿಗೆಯ, ತೀರಿಹೋದವರ ಕಾರು

ದೆಹಲಿ ವಲಯದಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರುಗಳ ಮೇಲೆ ಬಂದ ನಿರ್ಬಂಧದಿಂದ ಅಲ್ಲಿನ ದೊಡ್ಡ ಡೀಸೆಲ್ ಕಾರುಗಳು ದಕ್ಷಿಣಕ್ಕೂ ಬಂದಿವೆ. ಅಗ್ಗವಾಗಿ ಕಂಡರೂ ಇಲ್ಲಿ ಹೊಸದಾಗಿ ತೆರಿಗೆ ಕಟ್ಟಬೇಕು. ಮೂಲ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಇಲ್ಲದೆ ಹೊಸ ಸಂಖ್ಯೆ ಸಿಗದು. ಬೇರೆ ರಾಜ್ಯದ ಸಂಖ್ಯೆಯಲ್ಲೇ 12 ತಿಂಗಳಿಗಿಂತ ಹೆಚ್ಚು ಕಾಲ ಓಡಿಸುವಂತೆಯೂ ಇಲ್ಲ. ಈ ಖರ್ಚನ್ನೆಲ್ಲ ಬೆಲೆಗೆ ಕೂಡಿಸಿಯೇ ಅಗ್ಗವೋ ಅಲ್ಲವೋ ಎಂದು ಲೆಕ್ಕ ಹಾಕಿ.

ಹಳದಿ ಪ್ಲೇಟಿನಿಂದ ಬಿಳಿಗೆ ಬದಲಾದ ಟ್ಯಾಕ್ಸಿಯೂ ಕಾನೂನುಬದ್ಧವೇ. ಆರ್‌ಸಿಯ ಹಳೆಯ ವರ್ಗ ಮತ್ತು ಬದಲಾದ ದಿನಾಂಕ ಆರ್‌ಟಿಒ ದಾಖಲೆಯಲ್ಲಿರುತ್ತದೆ, ಕೇಳಿ ತಿಳಿಯಿರಿ. ಮಾಲೀಕರು ತೀರಿಕೊಂಡಿದ್ದರೆ ಮೊದಲು ಫಾರ್ಮ್ 31ರ ಮೂಲಕ ವಾರಸುದಾರರ ಹೆಸರಿಗೆ ಆಗಲಿ, ಆಮೇಲೆ ನಿಮ್ಮ ಹೆಸರಿಗೆ. ಮಗ ಅಪ್ಪನ ಸಹಿ ಹಾಕಿಕೊಡುತ್ತೇನೆ ಎಂದರೆ ನೀವು ಒಪ್ಪುವವರಲ್ಲ ಎಂದುಕೊಂಡಿದ್ದೇನೆ.

ಹೆಜ್ಜೆ 9: ಹಣ ಕೊಡುವ ದಿನ

ಆರ್‌ಸಿಯಲ್ಲಿರುವ ವ್ಯಕ್ತಿಯೇ ಎದುರಿಗಿರಬೇಕು. ಗುರುತಿನ ಚೀಟಿಯ ಹೆಸರು, ಮುಖ, ಆರ್‌ಸಿಯ ಹೆಸರು, ಬ್ಯಾಂಕ್ ಖಾತೆಯ ಹೆಸರು ಒಂದೇ ಆಗಿರಲಿ. ಆರ್‌ಸಿಯ ಮೂಲ ಪ್ರತಿ ನೋಡಿ. ಡಿಜಿಲಾಕರಿನಲ್ಲಿ ಅವರ ಮೊಬೈಲಿನಲ್ಲೇ ತೆರೆಸಿ. ನಕಲು ಆರ್‌ಸಿ (ಮೂಲ ಕಳೆದುಹೋಯಿತೆಂದು ಇಲಾಖೆ ಕೊಡುವ ಎರಡನೆಯ ಪ್ರತಿ) ಪಡೆದಿದ್ದರೆ ಮೂಲ ಹೇಗೆ ಕಳೆಯಿತು ಎಂದು ಕೇಳಿ, ಅಡವಿಟ್ಟ ಕಾರುಗಳ ಮೂಲ ಆರ್‌ಸಿ ಇನ್ಯಾರದೋ ಪೆಟ್ಟಿಗೆಯಲ್ಲಿರುವುದುಂಟು. ಎರಡೂ ಕೀಲಿ ಕೇಳಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಫಾರ್ಮ್ 29 ಮಾರಾಟದ ತಿಳಿವಳಿಕೆ, ಫಾರ್ಮ್ 30 ವರ್ಗಾವಣೆಯ ಅರ್ಜಿ. ಖಾಲಿ ಫಾರ್ಮಿಗೆ ಇಬ್ಬರೂ ಸಹಿ ಹಾಕಬೇಡಿ. ದಿನಾಂಕ, ಚಾಸಿ ಸಂಖ್ಯೆ ತುಂಬಿ. ಕಾರು ಕೈಬದಲಾದ ದಿನ ಮತ್ತು ಗಂಟೆ ಬರೆದ ಒಪ್ಪಂದ ಪತ್ರವೂ ಇರಲಿ, ಅದಕ್ಕಿಂತ ಹಿಂದಿನ ದಂಡಗಳೆಲ್ಲ ಅವರವು. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರುವವರು 14 ದಿನದೊಳಗೆ, ಕೊಳ್ಳುವವರು 30 ದಿನದೊಳಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. "ಆಮೇಲೆ ಮಾಡಿಸೋಣ ಬಿಡಿ" ಎನ್ನುವ ಮಾಲೀಕರಿಗೆ ಒಂದು ವಿಷಯ ತಿಳಿಸಿ: ಆರ್‌ಸಿಯಲ್ಲಿ ಹೆಸರಿರುವವರೇ ಕಾನೂನಿನ ಕಣ್ಣಿನಲ್ಲಿ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇದನ್ನು ಕೇಳಿದ ಮೇಲೆ ಆರ್‌ಟಿಒಗೆ ಹೋಗಲು ಅವರೇ ನಿಮಗಿಂತ ಮೊದಲು ಸಿದ್ಧರಾಗುತ್ತಾರೆ.

ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಿ. ಹಳೆಯ ಮಾಲೀಕರ ಹೆಸರಿನಲ್ಲೇ ಬಿಟ್ಟರೆ ನಿಮ್ಮ ಕಾರಿನ ಹಾನಿಗೆ ಪರಿಹಾರ ಸಿಗುವುದಿಲ್ಲ. ಅವರ ಫಾಸ್ಟ್ಯಾಗ್ ಮುಚ್ಚಿಸಿ ನಿಮ್ಮದನ್ನು ಅಂಟಿಸಿ. ಬಾಕಿ ಹಣದಲ್ಲಿ ಒಂದಷ್ಟನ್ನು ವರ್ಗಾವಣೆ ಆಗುವವರೆಗೆ ಇಟ್ಟುಕೊಳ್ಳುತ್ತೇನೆಂದು ಮೊದಲೇ ಒಪ್ಪಂದದಲ್ಲಿ ಬರೆಸಿದ್ದರೆ, ಅದನ್ನು ಕೊಡುವುದು ಎಂಪರಿವಾಹನ್‌ನಲ್ಲಿ ಮಾಲೀಕರ ಕ್ರಮಸಂಖ್ಯೆ ಒಂದು ಏರಿ, ಅರ್ಧ ಮುಚ್ಚಿದ ಅಕ್ಷರಗಳ ನಡುವೆ ನಿಮ್ಮ ಹೆಸರು ಕಂಡ ದಿನ.